ಮೂರನೆಯ ಡಿಸ್ಕಿನ ಉಳಿಕೆ

ಮಗಳಿಗೆ ಅಮ್ಮನ ದನಿ ಗೊತ್ತಿರಲಿಲ್ಲ.

ಮುಖ ಗೊತ್ತಿತ್ತು. ಕೂದಲನ್ನು ಕಿವಿಯ ಹಿಂದೆ ಸರಿಸುವ ರೀತಿ, ಕ್ಯಾಮೆರಾ ಕಂಡೊಡನೆ ತುಟಿ ಬಿಗಿಯುವ ರೀತಿ ಎಲ್ಲ ಗೊತ್ತಿತ್ತು. ದನಿ ಮಾತ್ರ ಇಲ್ಲ. ಮನೆಯಲ್ಲಿದ್ದ ಮೂರು ಡಿಸ್ಕುಗಳಲ್ಲೂ ಚಿಕ್ಕಪ್ಪ ಮೊದಲಿನಿಂದ ಕೊನೆಯವರೆಗೆ ಸಂಗೀತ ಸುರಿದಿದ್ದ.

"ಬಾಯಿ ಆಡ್ತಿದೆ, ಕೊಳಲು ಕೇಳ್ತಿದೆ," ಎಂದು ಮಗಳು ಹಲ್ಲು ಕಡಿದಳು. "ನಮ್ಮಮ್ಮ ಏನು ಕೊಳಲಾ?"

"ಸ್ಟುಡಿಯೋದವರೇ ಹಾಗೆ. ಸತ್ತ ಮನೇಲಿ ಶೂಟ್ ಮಾಡಿದ್ರೂ ಹಿಂದೆ ಒಂದು ಪಿಟೀಲು ಇಡ್ತಾರೆ," ಎಂದಳು ಗರಗಸ.

ಗರಗಸ ಎಂಬುದು ವಿಮಾ ಕಂಪನಿಯ ಸಹೋದ್ಯೋಗಿಗಳು ಇಟ್ಟ ಹೆಸರು. ಇಪ್ಪತ್ತಾರು ವರ್ಷ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿದ ಹೆಂಗಸು ಆಕೆ. ಹೋಗುವಾಗಲೂ ಕೊಯ್ಯುತ್ತಾಳೆ, ಬರುವಾಗಲೂ ಕೊಯ್ಯುತ್ತಾಳೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ಸ್ವಂತ ವಿಚಾರಣೆ ಶುರು ಮಾಡಿದಾಗ ಅದೇ ಹೆಸರನ್ನು ಬಾಗಿಲ ಮೇಲೆ ಬರೆಸಿದಳು. ಒಂದೇ ಕೋಣೆ. ಎರಡು ಮೇಜು, ಒಂದು ಕಿಟಕಿ. ಗೋಡೆಯಾಚೆ ಹಲ್ಲಿನ ಡಾಕ್ಟರು. ದಿನವಿಡೀ ಡ್ರಿಲ್ಲಿನ ಸದ್ದು.

ಪ್ರಕರಣ ಹಳೆಯದು. ಹದಿನೆಂಟು ವರ್ಷದ ಹಿಂದೆ, ಒಂದು ಸಂಜೆ ನಾಲ್ಕು ಹತ್ತಕ್ಕೆ, ಅರ್ಧ ಕಟ್ಟಿದ ಮನೆಯ ತಾರಸಿಯಿಂದ ಅಮ್ಮ ಬಿದ್ದು ಸತ್ತಳು. ತಾರಸಿಗೆ ಇನ್ನೂ ತಡೆಗೋಡೆ ಕಟ್ಟಿರಲಿಲ್ಲ. ಅಪ್ಪನೇ ತಳ್ಳಿದ ಎಂದು ಅಪ್ಪನ ತಮ್ಮ, ಅಂದರೆ ಚಿಕ್ಕಪ್ಪ, ಸಾಕ್ಷಿ ಹೇಳಿದ. ಸಾಕ್ಷ್ಯ ಸಾಲದು ಎಂದು ಕೋರ್ಟು ಅಪ್ಪನನ್ನು ಬಿಟ್ಟಿತು. ಊರು ಬಿಡಲಿಲ್ಲ. ಮಗಳೂ ಬಿಡಲಿಲ್ಲ.

ಮಗಳಿಗೆ ಈಗ ಇಪ್ಪತ್ತೆರಡು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅಪ್ಪ ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುತ್ತಾನೆ. ಅವನು ಅಂಗಡಿಯ ಎದುರು ಬಂದು ನಿಂತರೆ ಅವಳು ಒಳಗಿನಿಂದ ಶಟರ್ ಎಳೆಯುತ್ತಾಳೆ. ಅಪ್ಪ ತಳ್ಳಿದ್ದನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು ಎಂದು ಬಂದವಳು ಅವಳು.

"ಮೂರನೇದು ಕೊಡು," ಎಂದಳು ಗರಗಸ.

ಮಗಳು ಡಿಸ್ಕನ್ನು ಅಂಚಿನಲ್ಲಿ ಹಿಡಿದು ಎತ್ತಿದಳು. ಮೇಲೆ ದುಂಡಗೆ ಕತ್ತರಿಸಿ ಅಂಟಿಸಿದ ಕಾಗದ. ಅದರ ಮೇಲೆ ಚಿಕ್ಕಪ್ಪನ ದುಂಡಕ್ಷರ: ಹೊಸ ಮನೆ. ಅಂಚಿನಲ್ಲಿ ಕಾಗದ ಹಳದಿಗಟ್ಟಿ ಉಬ್ಬಿತ್ತು.

"ಅಂಟು ತಿಂದಿದೆ," ಎಂದಳು ಗರಗಸ. "ಅಂದ ಚೆಂದಕ್ಕೆ ಕಾಗದ ಅಂಟಿಸೋದು, ಆಮೇಲೆ ಡಿಸ್ಕ್ ಓಡ್ತಿಲ್ಲ ಅಂತ ಕಂಪನೀನ ಬೈಯೋದು."

"ಗೀರೂ ಇದೆ. ತಡೀರಿ."

ಮಗಳು ಚೀಲದಿಂದ ಮೆತ್ತನೆಯ ಬಟ್ಟೆ, ಗಾಜಿಗೆ ಹಚ್ಚುವ ಪೇಸ್ಟು ತೆಗೆದಳು. ಸುತ್ತ ಉಜ್ಜಲಿಲ್ಲ. ನಡುವಿನ ತೂತಿನಿಂದ ಅಂಚಿಗೆ ನೇರ ಗೆರೆ ಎಳೆದಂತೆ ಎಳೆದಳು. ಹತ್ತು ನಿಮಿಷ. ಆಮೇಲೆ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೂ ಹಾಗೇ, ನೋಡಿ ಮೇಡಂ."

ಬರೆದ ಭಾಗದ ಬಣ್ಣ ಬೇರೆ, ಬರೆಯದ ಭಾಗದ್ದು ಬೇರೆ. ಅದು ಕಣ್ಣಿಗೇ ಕಾಣುತ್ತದೆ. ಟಿವಿಗೆ ಹಾಕಿದರೆ ಈ ಡಿಸ್ಕು ಒಂದು ಗಂಟೆ ಮೂವತ್ತೆರಡು ನಿಮಿಷಕ್ಕೆ ಮುಗಿಯುತ್ತಿತ್ತು. ಬರೆದ ಭಾಗ ಅಷ್ಟಕ್ಕೆ ಬೇಕಾದದ್ದಕ್ಕಿಂತ ಮುಂದೆ, ಅಂಚಿನವರೆಗೂ ಹೋಗಿತ್ತು.

ಮೊದಲೆರಡು ಡಿಸ್ಕುಗಳಲ್ಲೂ ಇದೇ ಕಥೆ. ಮೆನುವಿನಲ್ಲಿ ಒಂದೇ ಚಿತ್ರ. ಕಂಪ್ಯೂಟರಿಗೆ ಇಳಿಸಿದಾಗ ಎರಡು. ಮದುವೆಯ ಡಿಸ್ಕಿನಲ್ಲಿ ಬಚ್ಚಿಟ್ಟ ಏಳು ನಿಮಿಷ: ಯಾರದೋ ಪಾದ, ಮುಚ್ಚಳ ತೆಗೆಯದ ಲೆನ್ಸು, ಕುರ್ಚಿಗಾಗಿ ಇಬ್ಬರು ಗಂಡಸರ ಜಗಳ. ಮೊದಲ ಹುಟ್ಟುಹಬ್ಬದ ಡಿಸ್ಕಿನಲ್ಲಿ ಮೂರು ನಿಮಿಷದ ಗೋಡೆ, ಹಿಂದೆ ಮಗುವಿನ ಅಳು. ಶೂಟ್ ಮಾಡಿ ಬೇಡವೆಂದು ತೆಗೆದದ್ದನ್ನೆಲ್ಲ ಚಿಕ್ಕಪ್ಪ ಅದೇ ಡಿಸ್ಕಿನ ಕೊನೆಗೆ ತುರುಕಿದ್ದ. ಅದಕ್ಕೆ ಮೆನುವಿನಿಂದ ದಾರಿ ಕೊಟ್ಟಿರಲಿಲ್ಲ. ಅದರ ಮೇಲೆ ಹಾಡೂ ಹಾಕಿರಲಿಲ್ಲ.

ಹೊಸ ಲ್ಯಾಪ್‌ಟಾಪಿಗೆ ಡಿಸ್ಕು ನುಂಗುವ ಬಾಯಿಯೇ ಇಲ್ಲ. ಗುಜರಿಯಿಂದ ತಂದ ಹಳೆಯ ಡ್ರೈವೊಂದನ್ನು ಗರಗಸ ತಂತಿಯಲ್ಲಿ ಜೋಡಿಸಿದ್ದಳು. ಡಿಸ್ಕು ಒಳಗೆ ಹೋಯಿತು. ಗೊರಗೊರ ಎಂದಿತು. ಪರದೆಯ ಮೇಲೆ ಎರಡು ಸಾಲು ಮೂಡಿದವು.

ಒಂದು: ಒಂದು ಗಂಟೆ ಮೂವತ್ತೆರಡು ನಿಮಿಷ.

ಎರಡು: ಹದಿನಾಲ್ಕು ನಿಮಿಷ ಮೂವತ್ತು ಸೆಕೆಂಡು.

"ಎರಡನೇದನ್ನೇ ಮೊದಲು ಇಳಿಸೋಣ. ಅಂಚಲ್ಲಿರೋದು ಅದು. ಇನ್ನೊಂದು ಸಲ ತಿರುಗುತ್ತೋ ಇಲ್ವೋ," ಎಂದು ಗರಗಸ ವೇಗವನ್ನು ಕನಿಷ್ಠಕ್ಕೆ ಇಳಿಸಿದಳು. ಹಸಿರು ಪಟ್ಟಿ ಹೊರಟಿತು. ಶೇಕಡಾ ಒಂದು. ಎರಡು. ನಾಲ್ಕಕ್ಕೆ ನಿಂತು, ಕೆಮ್ಮಿ, ಮತ್ತೆ ಹೊರಟಿತು.

ಹನ್ನೊಂದಕ್ಕೆ ಬಂದಾಗ ಬಾಗಿಲಿಗೆ ಒದೆ ಬಿತ್ತು.

ಚಿಕ್ಕಪ್ಪ. ಐವತ್ತೈದರ ಗಂಡಸು. ಬೆರಳ ತುದಿಯಲ್ಲಿ ಜೆರಾಕ್ಸಿನ ಮಸಿ, ಜೇಬಿನಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೊಗಳ ಕವರು. ವಿಡಿಯೋ ಸ್ಟುಡಿಯೋ ಮುಚ್ಚಿದ ಮೇಲೆ ಅವನಿಗೆ ಉಳಿದ ವ್ಯಾಪಾರ ಇಷ್ಟೇ.

"ಡಿಸ್ಕಿನ ಡಬ್ಬಿ ಎಲ್ಲಿ?"

"ಬಾಗಿಲಿಗೆ ಹಿಡಿಕೆ ಇದೆ," ಎಂದಳು ಗರಗಸ.

"ನೀವು ಸುಮ್ನಿರಿ. ಇದು ನಮ್ಮನೆ ವಿಷಯ."

"ನಿಮ್ಮನೆ ವಿಷಯ ನಿಮ್ಮನೇಲೇ ಮುಗಿದಿದ್ರೆ ನನ್ನ ಮೇಜಿಗೆ ಯಾಕೆ ಬರ್ತಿತ್ತು? ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಮಗಳ ಕಡೆ ತಿರುಗಿದ. "ಕಪಾಟಿಂದ ಕದ್ದಿದ್ದೀಯ."

"ನಮ್ಮಮ್ಮನ ವಿಡಿಯೋ. ಕದಿಯೋದು ಹೇಗಾಗುತ್ತೆ?"

"ಹದಿನೆಂಟು ವರ್ಷ ಸಾಕಿದ್ದೀನಿ ಕಣೇ. ಓದಿಸಿದ್ದೀನಿ. ಈಗ ಉಂಡ ಮನೆ ಜಂತೆ ಎಣಿಸೋಕೆ ಹೊರಟಿದ್ದೀಯ?"

"ಎಣಿಸ್ತಿದ್ದೀನಿ. ಒಂದು ಕಡಿಮೆ ಇದೆ."

ಗೋಡೆಯಾಚೆ ಡ್ರಿಲ್ಲು ಕೂಗಿತು. ಮಗಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಡ್ರೈವಿಗೆ ಅಡ್ಡ ನಿಂತಳು. ಶೇಕಡಾ ಹದಿನಾರು.

ಗರಗಸ ಅವಸರ ಮಾಡಲಿಲ್ಲ. ಅವನು ಮಾತಾಡುತ್ತಿದ್ದಷ್ಟು ಹೊತ್ತು ಪಟ್ಟಿ ಮುಂದೆ ಹೋಗುತ್ತಿತ್ತು.

"ಡಬ್ಬಿ ಇಲ್ಲ ಅಂತ ಯಾವಾಗ ಗೊತ್ತಾಯ್ತು?"

"ಒಂದು ಗಂಟೆ ಹಿಂದೆ. ಇವಳ ಚಿಕ್ಕಮ್ಮ ಕಪಾಟು ತೆಗೆದಳು."

"ಯಾಕೆ?"

"ಧೂಳು ಹೊಡೆಯೋಕೆ."

"ಡಬ್ಬಿ ಮೇಲೆ ಬೆರಳು ದಪ್ಪ ಧೂಳಿತ್ತಲ್ಲ. ಇಷ್ಟು ವರ್ಷ ಹೊಡೀದವರು ಇವತ್ತೇ ಹೊಡೆದ್ರಾ?"

"ಧೂಳು ಹೊಡೆಯೋಕೂ ಮುಹೂರ್ತ ಇಡಿಸ್ಬೇಕಾ? ಏನು ಮಾತಾಡ್ತೀರ ನೀವು?"

"ನೀವಾಗಿ ಬಂದ್ರಾ, ಅವರು ಕಳಿಸಿದ್ರಾ?"

ಗರಗಸ ಕಡತ ಬಿಚ್ಚಿದಳು. ಮೂರು ಹೇಳಿಕೆಗಳ ನಕಲು.

"ನಿಮ್ಮಣ್ಣ ಹೇಳಿದ್ದು: ನಾನು ಕೆಳಗೆ ಬೀದೀಲಿದ್ದೆ, ಮಗಳು ನನ್ನ ಕಂಕುಳಲ್ಲಿದ್ದಳು. ನೀವು ಹೇಳಿದ್ದು: ನಾನು ಬೀದಿ ತಿರುವಿನ ಚಹಾದಂಗಡೀಲಿದ್ದೆ, ಅಣ್ಣ ತಾರಸಿ ಮೇಲಿದ್ದದ್ದನ್ನ ಅಲ್ಲಿಂದ ನೋಡಿದೆ. ನಿಮ್ಮ ಹೆಂಡತಿ ಹೇಳಿದ್ದು: ನಾನು ಒಳಗಿದ್ದೆ, ಮಗು ನನ್ನ ಮಡಿಲಲ್ಲಿ ನಿದ್ದೆ ಮಾಡ್ತಿತ್ತು. ಒಂದೇ ಮಗು. ಒಂದೇ ಹೊತ್ತಿಗೆ ಎರಡು ಕಡೆ. ಅವಳಿ ಜವಳಿ ಏನಲ್ಲವಲ್ಲ?"

"ಕೋರ್ಟಲ್ಲಿ ಎಲ್ಲ ಆಗಿದೆ."

"ಎರಡು ಬಾಯಿ ಒಂದು ಕಡೆ, ಒಂದು ಬಾಯಿ ಒಂದು ಕಡೆ. ಆಗಿದ್ದು ಅಷ್ಟೇ."

"ಮಗೂನ ಕೇಳಿ ಹಾಗಾದ್ರೆ! ಇಲ್ಲೇ ಇದ್ದಾಳಲ್ಲ!" ಅವನ ದನಿ ಏರಿತು.

"ನನಗೆ ನಾಲ್ಕು ವರ್ಷ," ಎಂದಳು ಮಗಳು. "ಮರಳು ನೆನಪಿದೆ. ಬಾಯಿ ತುಂಬ ಮರಳು. ಅದನ್ನೂ ನೀವು ಕನಸು ಅಂತ ಹೇಳಿದ್ರಿ. ಪ್ರತಿ ಸಲ ಕೇಳಿದಾಗಲೂ ಕನಸು ಅಂತಲೇ ಹೇಳಿದ್ರಿ."

ಇಪ್ಪತ್ತಮೂರು.

ಗರಗಸ ದನಿ ಬದಲಿಸಿದಳು. ಗಿರಾಕಿಯ ಹಾಗೆ ಕೇಳಿದಳು: "ಅಲ್ಲ, ಒಂದು ಅನುಮಾನ. ನಿಮ್ಮ ಡಿಸ್ಕುಗಳ ಕೊನೇಲಿ ಒಂದಷ್ಟು ಬೇಡದ್ದು ಇರುತ್ತಲ್ಲ. ಮೆನುವಲ್ಲಿ ಕಾಣಲ್ಲ. ತಪ್ಪಿ ಉಳಿದದ್ದಾ?"

"ತಪ್ಪಾ?" ಸ್ಟುಡಿಯೋದವನಿಗೆ ಚುಚ್ಚಿತು. "ತಪ್ಪಲ್ಲ ಅದು. ಉಳಿಕೆ ಅಂತೀವಿ. ಮದುವೆ ಮನೆಯವರು ಆರು ತಿಂಗಳಾದ ಮೇಲೆ ಬರ್ತಾರೆ. ನಮ್ಮ ಸೋದರತ್ತೆ ಎಲ್ಲಿ, ಅವರನ್ನ ಯಾಕೆ ಕತ್ತರಿಸಿದ್ರಿ ಅಂತ ರಂಪ. ಟೇಪು ಇಟ್ಕೊಳ್ಳೋ ಹಾಗಿಲ್ಲ, ಅದರ ಮೇಲೆ ಇನ್ನೊಂದು ಮದುವೆ ಶೂಟ್ ಆಗಿರುತ್ತೆ. ಅದಕ್ಕೆ ಬೇಡದ್ದನ್ನೆಲ್ಲ ಅವರ ಡಿಸ್ಕಲ್ಲೇ ಬಚ್ಚಿಡ್ತಿದ್ದೆ. ಬಂದು ಕೇಳಿದ್ರೆ ಅಲ್ಲಿಂದಲೇ ತೆಗೆದು ಕೊಡೋದು. ಈ ಬುದ್ಧಿ ಬೇರೆ ಯಾವ ಸ್ಟುಡಿಯೋಗೂ ಹೊಳೆದಿರಲಿಲ್ಲ."

"ಎಲ್ಲ ಡಿಸ್ಕಿಗೂ ಹಾಗೇ ಮಾಡ್ತಿದ್ರಾ?"

"ಎಲ್ಲದಕ್ಕೂ. ಕೈಗೆ ಅಭ್ಯಾಸ ಆಗಿಹೋಗಿತ್ತು."

"ಮನೆಯವರದ್ದಕ್ಕೂ?"

ಅವನು ಕತ್ತು ಚಾಚಿದ. ಮಗಳ ಭುಜದಾಚೆ ಹಸಿರು ಪಟ್ಟಿ ಕಂಡಿತು. ಮೂವತ್ತೊಂದು.

"ಅದು ಏನು ಓಡ್ತಿರೋದು?"

"ಮೂರನೇ ಡಿಸ್ಕಿನ ಉಳಿಕೆ."

"ಅದ್ರಲ್ಲಿ ಏನಿದೆ?"

ಗರಗಸ ಅವನ ಮುಖ ನೋಡಿದಳು. ಸಾವಿರಾರು ಸುಳ್ಳುಗಾರರನ್ನು ಕಂಡ ಕಣ್ಣು ಅದು. ಇವನು ಸುಳ್ಳು ಹೇಳುತ್ತಿರಲಿಲ್ಲ. ಇವನಿಗೆ ನಿಜವಾಗಿ ಗೊತ್ತಿರಲಿಲ್ಲ.

"ನೀವು ನೋಡಿಲ್ವಾ?"

"ಕಸದ ಬುಟ್ಟಿಗೆ ಕೈ ಹಾಕಿ ಯಾರು ನೋಡ್ತಾರೆ? ಟೇಪು ಹಾಕಿ, ಚೆನ್ನಾಗಿರೋದನ್ನ ಎತ್ಕೊಂಡು, ಮಿಕ್ಕಿದ್ದನ್ನ ಕೊನೆಗೆ ತಳ್ಳಿದ್ದು. ಮೂರು ವರ್ಷ ಆದ್ಮೇಲೆ ಮಾಡಿದ್ದು ಅದು. ಟೇಪಿಗೆ ಬೂಷ್ಟು ಬರುತ್ತೆ ಅಂತ."

"ಆ ಟೇಪು?"

"ಇಲ್ಲ. ಮೇಲೆ ಬೇರೆ ಮದುವೆ ಶೂಟ್ ಮಾಡಿದೆ."

"ಅಂದ್ರೆ ಪ್ರಪಂಚದಲ್ಲಿ ಇದೊಂದೇ ಪ್ರತಿ," ಎಂದಳು ಗರಗಸ. "ಇನ್ನೊಂದೇ ಪ್ರಶ್ನೆ. ಆ ಸಂಜೆ ನೀವು ಚಹಾ ಕುಡೀತಿದ್ರಿ. ಕ್ಯಾಮೆರಾ ಯಾರ ಕೈಲಿತ್ತು?"

ಅವನು ಮಗಳನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಲೆಕ್ಕಾಚಾರವಿತ್ತು. ಮರುಕ್ಷಣ ಅವಳನ್ನು ಪಕ್ಕಕ್ಕೆ ತಳ್ಳಿ ಡ್ರೈವಿನ ತಂತಿ ಕಿತ್ತ.

"ಚಿಕ್ಕಪ್ಪಾ!"

ಗುಂಡಿ ಒತ್ತಿದ. ಡ್ರೈವಿನ ಬಾಯಿ ತೆರೆಯಲಿಲ್ಲ. ಡ್ರೈವನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿದ. ಮುಚ್ಚಳ ಹಾರಿತು. ಹಿಮ್ಮಡಿಯಿಂದ ತುಳಿದ. ಒಮ್ಮೆ, ಇನ್ನೊಮ್ಮೆ. ಪ್ಲಾಸ್ಟಿಕ್ಕು ಸೀಳಿದ ಸದ್ದಿಗೆ ಗೋಡೆಯಾಚೆಯ ಡ್ರಿಲ್ಲು ನಿಂತಿತು.

ಮಗಳು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದಳು. ಜೇಬಿನಿಂದ ಮೊಬೈಲು, ಯಾರದೋ ಮುಖಗಳ ಎಂಟು ಫೋಟೊ ನೆಲಕ್ಕೆ ಉದುರಿದವು. ದಿನಕ್ಕೆ ಐವತ್ತು ಗಾಜು ಉಜ್ಜುವ ಕೈ ಅದು, ಗಟ್ಟಿಯಿತ್ತು.

"ದನಿ ಒಂದು ಸಲ ಕೇಳ್ಬೇಕಿತ್ತು ನಾನು! ಒಂದು ಸಲ! ಅದನ್ನೂ ತುಳಿದುಬಿಟ್ಯಾ? ನಿನ್ನ ಹಾಡಿಗಿಷ್ಟು ಬೆಂಕಿ ಬೀಳ! ನಿನ್ನ ಕೊಳಲಿಗಿಷ್ಟು ಬೆಂಕಿ ಬೀಳ!"

ಹದಿನೆಂಟು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಬಿಡು," ಎಂದಳು ಗರಗಸ. "ಹೊಡೆದ್ರೆ ಡಿಸ್ಕು ಕೂಡ್ಕೊಳ್ಳಲ್ಲ."

ಅವಳು ಬಗ್ಗಿ ಡಿಸ್ಕನ್ನು ಎತ್ತಿದಳು. ಎರಡು ಹೋಳು. ಮೇಲೆ ಅಂಟಿಸಿದ ಕಾಗದ ಮಾತ್ರ ಹರಿದಿರಲಿಲ್ಲ. ಎರಡು ಹೋಳುಗಳೂ ಅದಕ್ಕೇ ಜೋತುಕೊಂಡಿದ್ದವು. ಅಂಚು ಪುಡಿಪುಡಿ.

"ಮುಗೀತಲ್ಲ. ಹೋಗು ಮನೆಗೆ," ಎಂದ ಚಿಕ್ಕಪ್ಪ ಏದುಸಿರಿನಲ್ಲಿ. "ಎಲ್ಲ ನಿನ್ನ ಒಳ್ಳೇದಕ್ಕೇ."

"ಮುಗಿದಿಲ್ಲ," ಎಂದಳು ಗರಗಸ. "ನೀವು ಈ ಕೆಲಸ ಬಿಟ್ಟು ಬಹಳ ವರ್ಷ ಆಯ್ತು. ಹೊಸ ರೂಪಕ್ಕೆ ಬದಲಾಯಿಸ್ತಾ ಇಳಿಸಿದ್ರೆ ಅರ್ಧಕ್ಕೆ ನಿಂತದ್ದು ತೆರೆಯಲ್ಲ. ನಾನು ಬದಲಾಯಿಸ್ತಿರಲಿಲ್ಲ. ಇದ್ದದ್ದನ್ನ ಇದ್ದ ಹಾಗೆ ಎತ್ತಿಡ್ತಿದ್ದೆ. ಬಂದಷ್ಟು ಬಂತು."

ಪರದೆಯ ಮೇಲೆ ಕೆಂಪಕ್ಷರದಲ್ಲಿ ಸಂಪರ್ಕ ಕಡಿದಿದೆ ಎಂದಿತ್ತು. ಕೆಳಗೆ ಶೇಕಡಾ ಮೂವತ್ತೊಂಬತ್ತು. ಐದು ನಿಮಿಷ ನಲವತ್ತು ಸೆಕೆಂಡು.

ಅವಳು ಅದರ ಮೇಲೆ ಒತ್ತಿದಳು.

ಮೊದಲು ಕಪ್ಪು. ಆಮೇಲೆ ಬಿಸಿಲು. ಮೂಲೆಯಲ್ಲಿ ಕ್ಯಾಮೆರಾ ತಾನೇ ಒತ್ತಿದ ದಿನಾಂಕ, ಸಮಯ: ನಾಲ್ಕು ಎರಡು. ಸಿಮೆಂಟಿನ ತಾರಸಿ, ಬಾಗಿದ ಕಬ್ಬಿಣದ ಸರಳುಗಳು, ಒಂದು ಬಕೆಟ್ಟು. ಅಮ್ಮ.

"ಆನ್ ಆಗಿದೆಯಾ ಇದು? ಕೆಂಪು ದೀಪ ಉರೀತಿದೆ ನೋಡು."

ದನಿ ದಪ್ಪಗಿತ್ತು. ನೆಗಡಿಯಾದವರ ದನಿಯ ಹಾಗೆ, ಸ್ವಲ್ಪ ಒಡಕು. ಇಷ್ಟು ವರ್ಷ ಆ ಬಾಯಿಗೆ ಮಗಳು ಕಲ್ಪಿಸಿಕೊಂಡಿದ್ದ ಯಾವ ದನಿಯೂ ಅದಲ್ಲ. ಅವಳು ಕಾಲರ್ ಬಿಟ್ಟಳು. ಅವಳ ಕೈ ಗಾಳಿಯಲ್ಲೇ ಉಳಿಯಿತು.

"ಇಲ್ಲಿ ನೀರಿನ ಟ್ಯಾಂಕು," ಎನ್ನುತ್ತಿದ್ದಳು ಅಮ್ಮ. "ಇಲ್ಲಿ ಬಟ್ಟೆ ಒಣಹಾಕೋ ಜಾಗ. ಅಲ್ಲಿ ಗೋಡೆ ಬರುತ್ತೆ. ಮೇಸ್ತ್ರಿ ಮುಂದಿನ ವಾರ ಅಂತ ಮೂರು ವಾರದಿಂದ ಹೇಳ್ತಿದ್ದಾನೆ, ಅವನ ವಾರಕ್ಕೆ ಎಷ್ಟು ದಿನವೋ." ತಾನೇ ನಕ್ಕಳು. ಸಾಮಾನುಗಳನ್ನು ಒಂದೊಂದಾಗಿ ತೋರಿಸಿದಳು. ನಾಲ್ಕು ನಿಮಿಷ ಹಾಗೇ ಹೋಯಿತು. ಆಮೇಲೆ ಅಂಚಿನ ಹತ್ತಿರ ಹೋಗಿ ಕೆಳಕ್ಕೆ ಕೂಗಿದಳು: "ರೀ! ಮಗೂಗೆ ಮರಳು ತಿನ್ನೋಕೆ ಬಿಡ್ಬೇಡಿ! ಬಾಯಿ ನೋಡಿ ಅದರದ್ದು!"

ಕ್ಯಾಮೆರಾ ಬಾಗಿತು. ಕೆಳಗೆ ಬೀದಿ. ಮರಳಿನ ಗುಡ್ಡೆಯ ಪಕ್ಕ ನೀಲಿ ಅಂಗಿಯ ಗಂಡಸು, ಕಂಕುಳಲ್ಲಿ ಮಗು. ಅವನು ಮಗುವಿನ ಬಾಯಿಯೊಳಗೆ ಬೆರಳು ಹಾಕಿ ಮರಳು ತೆಗೆಯುತ್ತಿದ್ದ. ತಲೆಯೆತ್ತಿ ನಕ್ಕು ಕೈ ಬೀಸಿದ.

ನಾಲ್ಕು ಏಳು.

"ಅಪ್ಪ," ಎಂದಳು ಮಗಳು.

ಕ್ಯಾಮೆರಾ ಮತ್ತೆ ಅಮ್ಮನ ಮೇಲೆ ಬಂತು. ಆಗ ಕ್ಯಾಮೆರಾದ ಹಿಂದಿದ್ದವರು ಮೊದಲ ಸಲ ಮಾತಾಡಿದರು. ಹೆಣ್ಣು ದನಿ.

"ಅಕ್ಕಾ, ತಲೆ ಕಟ್ ಆಗ್ತಿದೆ. ಒಂದು ಹೆಜ್ಜೆ ಹಿಂದೆ ಹೋಗು."

ಈ ದನಿಯನ್ನು ಮಗಳು ಕಲ್ಪಿಸಿಕೊಳ್ಳಬೇಕಿರಲಿಲ್ಲ. ಹದಿನೆಂಟು ವರ್ಷ ಪ್ರತಿ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಅದೇ ದನಿ. ಜಡೆ ಹೆಣೆಯುವಾಗ ಅಲುಗಾಡಬೇಡ ಎಂದದ್ದು, ಜ್ವರ ಬಂದಾಗ ಬಾಯಿ ತೆರೆ ಎಂದದ್ದು, ನಿಮ್ಮಪ್ಪ ಬಂದರೆ ಒಳಗೆ ಓಡು ಎಂದು ಕಲಿಸಿದ್ದು. ಚಿಕ್ಕಮ್ಮ. ಅಮ್ಮನ ಒಡಹುಟ್ಟಿದ ತಂಗಿ, ಆ ಮನೆಗೇ ಸೊಸೆಯಾಗಿ ಬಂದವಳು.

"ಸಾಕು ಕಣೇ," ಎಂದಳು ಪರದೆಯ ಮೇಲೆ ಅಮ್ಮ. ಒಂದು ಹೆಜ್ಜೆ ಹಿಂದೆ ಹೋದಳು.

"ಇನ್ನೊಂದು."

ಚಿತ್ರ ನಿಂತಿತು. ಅಮ್ಮನ ಬಲಗಾಲು ನೆಲದಿಂದ ಎದ್ದಿತ್ತು. ಮುಖ ಚೌಕಚೌಕವಾಗಿ ಒಡೆದಿತ್ತು.

ಚಿಕ್ಕಪ್ಪ ಗೋಡೆಗೆ ಒರಗಿಕೊಂಡೇ ಜಾರಿ ನೆಲದ ಮೇಲೆ ಕೂತಿದ್ದ.

"ಕಡತದ ಪ್ರಕಾರ ಇವಳಮ್ಮ ಬಿದ್ದದ್ದು ನಾಲ್ಕು ಹತ್ತಕ್ಕೆ," ಎಂದಳು ಗರಗಸ. "ಟೇಪು ಎಲ್ಲೂ ನಿಲ್ಲದೆ ಓಡಿದ್ರೆ ಮುಗಿದದ್ದು ನಾಲ್ಕು ಹದಿನಾರಕ್ಕೆ. ಬಿದ್ದ ಮೇಲೂ ಕಡಿಮೆ ಅಂದ್ರೆ ಆರು ನಿಮಿಷ ಕ್ಯಾಮೆರಾ ಓಡಿದೆ. ಆ ಆರು ನಿಮಿಷ ಮೇಲೆ ಯಾರು ಯಾರ ಹತ್ರ ಏನು ಮಾತಾಡಿದ್ರು? ಚಹಾದಂಗಡಿಯಿಂದ ನೀವು ಮೇಲೆ ಬಂದ್ರಾ?"

ನೆಲದ ಮೇಲೆ, ಫೋಟೊಗಳ ನಡುವೆ ಅವನ ಮೊಬೈಲು ಹೊಡೆದುಕೊಳ್ಳತೊಡಗಿತು. ಪರದೆಯಲ್ಲಿ ಮನೆ ಎಂದಿತ್ತು. ಅವನು ಕೈ ಚಾಚುವ ಮೊದಲೇ ಮಗಳು ಎತ್ತಿಕೊಂಡಳು. ಕಿವಿಗಿಡಲಿಲ್ಲ. ಸ್ಪೀಕರ್ ಒತ್ತಿ ಹಿಡಿದಳು. ಮಾತಾಡಲಿಲ್ಲ.

"ಸಿಕ್ತಾ?" ಎಂದಿತು ಆ ದನಿ, ಮೆಲ್ಲಗೆ. "ರೀ, ಮೂರನೇದು ಸಿಕ್ತಾ?"

ಮೂರನೆಯದರ ಉಳಿಕೆಯಲ್ಲಿ ಏನಿದೆ ಎಂಬುದು ಅದನ್ನು ಬರೆದವನಿಗೇ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಗೊತ್ತಿತ್ತು.

ಮಗಳು ಫೋನ್ ಕಟ್ ಮಾಡಿದಳು. ಮೇಜಿನ ಮೇಲೆ ಎರಡು ಹೋಳನ್ನು ಪಕ್ಕಪಕ್ಕ ಇಟ್ಟಳು. ಕೂಡುತ್ತದೆಯೇ ಎಂದು ಒತ್ತಿ ನೋಡಿದಳು. ಕೂಡಲಿಲ್ಲ.

ಮೂರು ಡಿಸ್ಕಿನಲ್ಲಿ ಒಂದು ಹೋಯಿತು. ಹದಿನಾಲ್ಕೂವರೆ ನಿಮಿಷದಲ್ಲಿ ಎಂಟು ನಿಮಿಷ ಐವತ್ತು ಸೆಕೆಂಡು ಹೋಯಿತು. ಅಪ್ಪನ ಜೊತೆ ಮಾತಿಲ್ಲದೆ ಹದಿನೆಂಟು ವರ್ಷ ಹೋಗಿತ್ತು.